ತಟ್ಟೆಯಲ್ಲಿರುವ ಅನ್ನದ ನೀರಿನ ಲೆಕ್ಕ

ಪರಿಸರದ ಕಾಳಜಿ ಇರುವ ಮನೆಗಳಲ್ಲಿ ಇಂದು ಹೆಚ್ಚಾಗಿ ಮಾತಿಗೆ ಬರುವುದು ಕೈಚೀಲ. ಪ್ಲಾಸ್ಟಿಕ್ ಚರಂಡಿ ಕಟ್ಟುತ್ತದೆ, ದನಗಳ ಹೊಟ್ಟೆ ಸೇರುತ್ತದೆ. ಬಟ್ಟೆಚೀಲ ಹಿಡಿದು ಅಂಗಡಿಗೆ ಹೋಗುವುದು ಒಳ್ಳೆಯದೇ. ಆದರೆ ಆ ಚೀಲದೊಳಗೆ ಏನು ತುಂಬಿಕೊಂಡು ಬರುತ್ತೇವೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ಸಂಶೋಧಕರು ನೂರಕ್ಕೂ ಹೆಚ್ಚು ದೇಶಗಳ ಹೊಲಗಳ ಮಾಹಿತಿ ಕಲೆಹಾಕಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನುಷ್ಯರಿಂದಾಗುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 26ರಷ್ಟು ಆಹಾರದ ಬಾಬತ್ತು. ಅದರಲ್ಲಿ ಬಹುಪಾಲು ಹುಟ್ಟುವುದು ಹೊಲದಲ್ಲೇ. ಸಾಗಣೆ ಮತ್ತು ಪ್ಯಾಕೆಟ್ಟಿನ ಪಾಲು ಅದರ ಮುಂದೆ ಚಿಕ್ಕದು. ಹಾಗಾದರೆ ಕರ್ನಾಟಕದ ಸಾಧಾರಣ ಕುಟುಂಬವೊಂದು ಮೊದಲು ನೋಡಬೇಕಾದದ್ದು ಯಾವುದನ್ನು? ದಿನಕ್ಕೆ ಎರಡು ಮೂರು ಹೊತ್ತು ಬೇಯುವ ಅಕ್ಕಿಯನ್ನು ಎಂಬುದು ನನ್ನ ವಾದ.

ಒಂದು ಕಿಲೋ ಭತ್ತ ಬೆಳೆಯಲು ಮಳೆ, ನೀರಾವರಿ ಎರಡೂ ಸೇರಿ ಸರಾಸರಿ 2,500 ಲೀಟರ್ ನೀರು ಗದ್ದೆಗೆ ಬೇಕೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಂದಾಜು. ಗಿರಣಿಯಲ್ಲಿ ಹೊಟ್ಟು, ತೌಡು ಕಳೆದು ಅಕ್ಕಿಯಾಗುವಾಗ ತೂಕ ಇನ್ನೂ ಇಳಿಯುತ್ತದೆ. ಅದನ್ನು ಬದಿಗಿಟ್ಟರೂ, ತಿಂಗಳಿಗೆ 20 ಕಿಲೋ ಅಕ್ಕಿ ಉಣ್ಣುವ ನಾಲ್ವರ ಮನೆಯ ಲೆಕ್ಕ 50,000 ಲೀಟರಿಗೆ ಕಡಿಮೆಯಿಲ್ಲ. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ ಅದೇ ಮನೆಯ ನಲ್ಲಿಯಿಂದ ತಿಂಗಳಿಗೆ ಹರಿಯುವುದು ಸುಮಾರು 16,000 ಲೀಟರ್. ಸ್ನಾನ, ಬಟ್ಟೆ, ಪಾತ್ರೆ, ಶೌಚ ಎಲ್ಲ ಸೇರಿದ ನೀರಿನ ಮೂರು ಪಟ್ಟು ಅನ್ನದ ರೂಪದಲ್ಲಿ ಮನೆಗೆ ಬರುತ್ತಿದೆ. ಗದ್ದೆಗೆ ಹರಿದದ್ದೆಲ್ಲ ನಷ್ಟವಲ್ಲ, ಒಂದಷ್ಟು ಇಂಗಿ ಅಂತರ್ಜಲ ಸೇರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅದು ನಿಜ. ಆದರೆ ಆ ನೀರು ಬೇಕಾದವರಿಗೆ, ಬೇಕಾದ ಹೊತ್ತಿಗೆ ಸಿಗುತ್ತದೆಯೇ ಎಂಬುದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯೇ ಉತ್ತರ. ಆ ಯೋಜನೆ ರೂಪುಗೊಂಡದ್ದು ಮುಖ್ಯವಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ನೆಚ್ಚಿ. ಕಾಲುವೆಯ ಮೇಲ್ಭಾಗ ಭತ್ತಕ್ಕೆ ಹೊರಳಿತು, ಗಂಗಾವತಿಯ ಸೋನಾ ಮಸೂರಿ ಹೆಸರಾಯಿತು. ರಾಯಚೂರು ಕಡೆಯ ಕೊನೆ ಭಾಗದ ರೈತರು ಮಾತ್ರ ವರ್ಷ ವರ್ಷ ನೀರಿಗಾಗಿ ಬೀದಿಗಿಳಿಯುತ್ತಲೇ ಇದ್ದಾರೆ. ಮೇಲೆ ಅತಿಯಾಗಿ ನಿಂತ ನೀರು ಎಷ್ಟೋ ಜಮೀನನ್ನು ಸವುಳು ಮಾಡಿದೆ. ನಾವು ಬೆಳ್ಳನೆಯ ಸಣ್ಣಕ್ಕಿಯನ್ನೇ ಬೇಡಿದಷ್ಟೂ ಈ ಅಸಮಾನತೆ ಗಟ್ಟಿಯಾಗುತ್ತದೆ.

ನಿಂತ ನೀರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕೆಸರಿಗೆ ಗಾಳಿ ಹೋಗದಂತೆ ತಡೆದಾಗ ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆಯುವುದನ್ನೆಲ್ಲ ತಿಂದು ಮೀಥೇನ್ ಹೊರಬಿಡುತ್ತವೆ. ಅದು ಭತ್ತದ ಪೈರಿನ ಟೊಳ್ಳು ದಂಟಿನ ಮೂಲಕವೇ ಮೇಲೇರಿ ಗಾಳಿಗೆ ಸೇರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನಿಗೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಯೇರಿಸುವ ಶಕ್ತಿ. ಇಲ್ಲೊಂದು ಆಕ್ಷೇಪ ಏಳುತ್ತದೆ: ಭಾರತದ ಕೃಷಿಯಿಂದ ಬರುವ ಹಸಿರುಮನೆ ಅನಿಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ದನ, ಎಮ್ಮೆ, ಆಡು, ಕುರಿಗಳ ಮೆಲುಕಿನಿಂದ ಬರುವಂಥದ್ದು, ಭತ್ತದ ಪಾಲು ಆರರಲ್ಲಿ ಒಂದರಷ್ಟು. ಮೊದಲು ಹಾಲನ್ನು ಬಿಡಬೇಕಲ್ಲವೇ? ಬಡವರ ಮಕ್ಕಳಿಗೆ ಹಾಲು ಒಳ್ಳೆಯ ಪೋಷಕಾಂಶ, ಸಣ್ಣ ಹಿಡುವಳಿಯ ಮನೆಗೆ ಡೇರಿಯಿಂದ ಬರುವ ದುಡ್ಡೇ ಕೈಗಾಸು. ಅದನ್ನು ಕಿತ್ತುಕೊಳ್ಳುವ ಸಲಹೆಯನ್ನು ನಾನು ಕೊಡಲಾರೆ. ಅಕ್ಕಿಯ ವಿಷಯ ಹಾಗಲ್ಲ. ಅದಕ್ಕೆ ಬದಲಿ ನಮ್ಮಲ್ಲೇ ಇದೆ, ಪೋಷಣೆಯಲ್ಲಿ ಒಂದು ಕೈ ಮೇಲೂ ಹೌದು.

ರಾಗಿಯಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು. ತುಮಕೂರು, ಹಾಸನ, ರಾಮನಗರದ ಕೆಂಪು ನೆಲದಲ್ಲಿ ಅದು ಮಳೆಯ ಮೇಲೇ ಬೆಳೆಯುತ್ತದೆ. ವಿಜಯಪುರ, ಕಲಬುರಗಿಯ ಎರೆಹೊಲದಲ್ಲಿ ಹಿಂಗಾರಿ ಜೋಳ ಮಣ್ಣು ಹಿಡಿದಿಟ್ಟ ತೇವದಿಂದಲೇ ತೆನೆಗಟ್ಟಿ, ದನಕ್ಕೆ ಕಣಿಕೆಯನ್ನೂ ಕೊಡುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಭಾರತದ ಜಿಲ್ಲೆ ಜಿಲ್ಲೆಯ ಅಂಕಿ ಅಂಶ ಹಿಡಿದು ನಡೆಸಿದ ಅಧ್ಯಯನವೊಂದು 2018ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ನಲ್ಲಿ ಬಂದಿತು. ಭತ್ತದ ಬದಲು ಆಯಾ ಜಿಲ್ಲೆಯಲ್ಲಿ ಅತಿ ಕಡಿಮೆ ನೀರು ಬೇಡುವ ರಾಗಿ, ಜೋಳ, ಸಜ್ಜೆ ಅಥವಾ ಮೆಕ್ಕೆಜೋಳ ಬೆಳೆದರೆ ನೀರಾವರಿಯ ಬೇಡಿಕೆ ಶೇ. 33ರಷ್ಟು ಇಳಿದು, ದೊರೆಯುವ ಕಬ್ಬಿಣಾಂಶ ಶೇ. 27ರಷ್ಟು ಏರುತ್ತದೆ ಎಂದು ಅದು ತೋರಿಸಿತು. ಇಷ್ಟಿದ್ದೂ ದೇಶದ ಕಿರುಧಾನ್ಯಗಳ ಪ್ರದೇಶ 1960ರ ದಶಕದ ನಡುವಿನ ಸುಮಾರು 37 ದಶಲಕ್ಷ ಹೆಕ್ಟೇರಿನಿಂದ 14 ದಶಲಕ್ಷದ ಹತ್ತಿರಕ್ಕೆ ಕುಸಿದಿದೆ.

ರಾಗಿಯ ಇಳುವರಿ ಕಡಿಮೆ, ರೈತ ಯಾಕೆ ಬೆಳೆದಾನು ಎಂಬ ಪ್ರಶ್ನೆಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಎಂದೋ ಉತ್ತರ ಕೊಟ್ಟಿದೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಅಲ್ಲಿನ ತಳಿತಜ್ಞರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಒಗ್ಗೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಒಣಭೂಮಿಯ ಇಳುವರಿ ಎದ್ದು ಕಾಣುವಷ್ಟು ಏರಿತು. 2024-25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ ಇದ್ದರೆ ರಾಗಿಗೆ 4,290 ರೂಪಾಯಿ ಇತ್ತು. ಸಿರಿಧಾನ್ಯ ಉಳ್ಳವರ ಊಟವಾಯಿತು ಎಂಬ ದೂರಿನಲ್ಲಿ ಹುರುಳಿದೆ; ನವಣೆ, ಸಾಮೆಗಳ ಗಟ್ಟಿ ಸಿಪ್ಪೆ ತೆಗೆಯಲು ಯಂತ್ರ ಬೇಕು, ಅದಕ್ಕೇ ಪ್ಯಾಕೆಟ್ಟಿನ ಬೆಲೆ ಏರುತ್ತದೆ. ರಾಗಿಗೆ, ಜೋಳಕ್ಕೆ ಆ ತೊಡಕಿಲ್ಲ. ಒಕ್ಕಣೆಯಾದ ಮೇಲೆ ಕೇರಿ ಸ್ವಚ್ಛಮಾಡಿ ಹಿಟ್ಟಿನ ಗಿರಣಿಗೆ ಒಯ್ದರೆ ಸಾಕು.

ಎಲ್ಲ ಅಕ್ಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮುಂಗಾರು ಸುರಿಯುವ ಕರಾವಳಿ, ಮಲೆನಾಡುಗಳಲ್ಲಿ ಗದ್ದೆಗೆ ಅಣೆಕಟ್ಟಿನ ನೀರು ಬೇಕಿಲ್ಲ. ಅಘನಾಶಿನಿಯ ಅಳಿವೆಯ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತದೆ. ಅದರ ಜಾಗದಲ್ಲಿ ರಾಗಿ ಬಿತ್ತಿ ಎನ್ನುವವರು ಆ ನೆಲವನ್ನು ನೋಡಿಲ್ಲ. ನನ್ನ ಮಾತು ಬಯಲುಸೀಮೆಯ ಅಚ್ಚುಕಟ್ಟಿನ, ಕೊಳವೆಬಾವಿಯ ಭತ್ತದ ಕುರಿತು. ಅಲ್ಲೂ ಭತ್ತ ಪೂರ್ತಿ ಹೋಗಬೇಕಾಗಿಲ್ಲ. ಗದ್ದೆಯನ್ನು ಒಮ್ಮೆ ಒಣಗಿಸಿ ಮತ್ತೆ ನೀರು ಕಟ್ಟುವ ಕ್ರಮದಿಂದ ನೀರೂ ಉಳಿಯುತ್ತದೆ, ಮೀಥೇನ್ ಅರ್ಧದವರೆಗೂ ತಗ್ಗುತ್ತದೆ.

ಒಂದು ಮನೆ ಮುದ್ದೆಗೆ, ರೊಟ್ಟಿಗೆ ಮರಳಿದರೆ ಏನಾದೀತು ಎಂದು ಕೇಳುವವರಿಗೆ ಅಕ್ಕಿಯ ಚರಿತ್ರೆಯನ್ನೇ ತೋರಿಸಬೇಕು. ಹಬ್ಬದ ಊಟವಾಗಿದ್ದ ಅನ್ನ ಬಯಲುಸೀಮೆಯ ದಿನದ ಊಟವಾದದ್ದು ಮನೆಯ ಆಸೆ ಮತ್ತು ಸರ್ಕಾರದ ಖರೀದಿ ಎರಡೂ ಸೇರಿ. ಹಿಂದಿರುಗಬೇಕಾದರೂ ಎರಡೂ ಬೇಕು. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಡುವ ಪದ್ಧತಿ ನಮ್ಮಲ್ಲಿ ಬಂದಿದೆ. 2024ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಸಿಗುತ್ತಿದೆ. ಆ ಪಡಿತರದ ರಾಗಿಯನ್ನು ಮಾರಿ ಅಕ್ಕಿ ಕೊಳ್ಳದೆ, ದಿನದ ಒಂದು ಹೊತ್ತಿಗೆ ಬಳಸುವ ಕುಟುಂಬ ತಿಂಗಳಿಗೆ ಎಂಟು ಕಿಲೋ ಅಕ್ಕಿ ಕಡಿಮೆ ಮಾಡಿದರೂ ಮೇಲಿನ ಅಂದಾಜಿನಂತೆ 20,000 ಲೀಟರ್ ನೀರಿನ ಬೇಡಿಕೆ ಇಳಿಯುತ್ತದೆ.