ಜವೆಕಾಳಿನಷ್ಟು ಜಾಗ

ಪಿರಿಯಾಪಟ್ಟಣ, ಹುಣಸೂರಿನ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ಬೇರೂರುವ ಹೊತ್ತಿಗೆ ಬೈಲಕುಪ್ಪೆಯ ಟಿಬೆಟನ್ ಮನೆಗಳಲ್ಲಿ ‘ಸಾಗಾ ದಾವಾ’ ಶುರುವಾಗಿರುತ್ತದೆ. ಟಿಬೆಟನ್ ಪಂಚಾಂಗದ ಈ ನಾಲ್ಕನೇ ತಿಂಗಳು ಸಾಮಾನ್ಯವಾಗಿ ಮೇ–ಜೂನ್‌ನಲ್ಲಿ ಬರುತ್ತದೆ. ಬುದ್ಧನ ಜ್ಞಾನೋದಯ, ಪರಿನಿರ್ವಾಣಗಳನ್ನು ನೆನೆಯುವ ಕಾಲ. ಈಗ ಮಾಡಿದ ಒಳಿತಿಗೂ ಕೆಡುಕಿಗೂ ಫಲ ಹಲವು ಪಟ್ಟು ಎಂಬ ನಂಬಿಕೆಯಿಂದ ಅನೇಕರು ಮಾಂಸ ಬಿಡುತ್ತಾರೆ.

ಬೆಳಗಾಗುತ್ತಲೇ ಪೂಜೆಯ ಗೂಡಿನಲ್ಲಿ 7 ಬಟ್ಟಲು ಸಾಲಾಗುತ್ತವೆ. ಬರಿ ಬಟ್ಟಲು ಇಡಬಾರದೆಂದು ಪ್ರತಿಯೊಂದಕ್ಕೂ ಮೊದಲೇ ಹನಿ ನೀರು. ಬಟ್ಟಲಿಂದ ಬಟ್ಟಲಿಗೆ ಒಂದು ಜವೆಕಾಳಿನಷ್ಟು ಅಂತರ. ನೀರು ತುಂಬುವಾಗ ಅಂಚಿಗೂ ಅಷ್ಟೇ ಜಾಗ ಬಿಡಬೇಕು. ನೀರು ಹೆಚ್ಚಾದರೆ ಚೆಲ್ಲೀತು, ಕಡಿಮೆಯಾದರೆ ಜಿಪುಣತನವಾದೀತು. ಕೈಗೆ ಕಲಿಸುವ ಹದ ಮನಸ್ಸಿಗೂ ಇಳಿಯಲೆಂಬ ಆಸೆ.

ಕೆಲವರು ‘ನ್ಯುಂಗ್ನೆ’ ವ್ರತ ಹಿಡಿಯುತ್ತಾರೆ. ಮೊದಲ ದಿನ ಮಧ್ಯಾಹ್ನದ ಒಳಗೆ ಒಂದೇ ಊಟ. ಮರುದಿನ ಅನ್ನವಿಲ್ಲ, ನೀರಿಲ್ಲ, ಮಾತಿಲ್ಲ. ಸಾವಿರ ಕೈಗಳ ಅವಲೋಕಿತೇಶ್ವರನಿಗೆ ಅಡ್ಡಬೀಳುತ್ತಲೇ ಇರಬೇಕು. ಗೆಶೆ ಬೆನ್ ಎಂಬ ಹಳೆಯ ಸಾಧಕರ ಕಥೆಯೂ ಈ ಪರಂಪರೆಯಲ್ಲಿದೆ: ಒಳ್ಳೆಯ ಯೋಚನೆ ಬಂದರೆ ಬಿಳಿ ಕಲ್ಲು, ಕೆಟ್ಟದ್ದು ಬಂದರೆ ಕರಿ ಕಲ್ಲು ತೆಗೆದಿಟ್ಟು, ದಿನದ ಕೊನೆಗೆ ಎಣಿಸಿ ನೋಡುತ್ತಿದ್ದರಂತೆ.

1960ರ ದಶಕದಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟನ್ನರು ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. ಜವೆ ಹಿಟ್ಟಿನ ‘ತ್ಸಂಪಾ’ ತಿಂದು ಬೆಳೆದ ಜನರಿಗೆ ಜವೆ ಪೂಜೆಯ ಅಳತೆಯಾಗಿ ಉಳಿಯಿತು.

ಯಹೂದಿಗಳ ಒಂದು ಎಣಿಕೆಯೂ ಜವೆಯಿಂದಲೇ ಶುರು. ಹಿಂದೆ ಹೊಸ ಫಸಲಿನ ಒಂದು ‘ಒಮೆರ್’ ಅಳತೆಯ ಜವೆಯನ್ನು ದೇವಾಲಯಕ್ಕೆ ಒಪ್ಪಿಸುತ್ತಿದ್ದರು. ಆ ಹೆಸರಲ್ಲೇ ಈಗಲೂ ಪೆಸಾಖ್ ಹಬ್ಬದ ಎರಡನೇ ರಾತ್ರಿಯಿಂದ 49 ರಾತ್ರಿ ಪ್ರಾರ್ಥನೆ ಹೇಳಿ ದಿನ ಎಣಿಸುತ್ತಾರೆ. ಐವತ್ತನೆಯ ದಿನ ಶಾವುಓತ್ ಹಬ್ಬ. ಕಬ್ಬಾಲಾ ಎಂಬ ಯಹೂದಿ ಅನುಭಾವ ಪರಂಪರೆಯವರಿಗೆ 7 ವಾರಕ್ಕೆ 7 ಗುಣ: ಮೊದಲ ವಾರ ಪ್ರೀತಿ, ಎರಡನೆಯದು ಸಂಯಮ. ಹೀಗೆ ದಿನಕ್ಕೊಂದು ಮುಖದಿಂದ ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆ. ಇಡೀ ಒಂದು ದಿನ ತಪ್ಪಿಹೋದರೆ ಉಳಿದ ದಿನಗಳಲ್ಲಿ ಪ್ರಾರ್ಥನೆಯಿಲ್ಲದೆ ಎಣಿಸುವುದು ರೂಢಿ. ಎಣಿಕೆ ಮಾತ್ರ ನಿಲ್ಲದು.

ನಮ್ಮ ಕಡೆ ಕಣದಲ್ಲಿ ಭತ್ತ ಅಳೆಯುವಾಗ ಹಿರಿಯರು ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ. ‘ಲಾಭ’ ಎಂದೇ ಶುರು. ಬೈಲಕುಪ್ಪೆಯಲ್ಲಿ ಸಂಜೆ ಬಟ್ಟಲುಗಳ ನೀರು ಚೆಲ್ಲಿ, ಒರೆಸಿ, ಬೋರಲು ಹಾಕುತ್ತಾರೆ. ನಿನ್ನೆಯ ನೀರು ಇವತ್ತಿಗೆ ಬರುವುದಿಲ್ಲ. ಬೆಳಗಾದರೆ ಮತ್ತೆ ಲಾಭ.