ದೊಡ್ಡಬಳ್ಳಾಪುರದಡಿ ಶೇಲ್ ಗ್ಯಾಸ್ ಇದೆಯೇ?

ಪ್ರಶ್ನೆ: ನಮ್ಮಲ್ಲಿ ಸಾವಿರ ಅಡಿ ಬೋರ್‌ವೆಲ್ ಕೊರೆದರೂ ನೀರಿಲ್ಲ. ಇನ್ನೂ ಆಳಕ್ಕಿಳಿದರೆ ಶೇಲ್ ಗ್ಯಾಸಾದರೂ ಸಿಕ್ಕೀತೇ?

ಉತ್ತರ: ಇಲ್ಲ, ಆ ಖರ್ಚಿಗೆ ಇಳಿಯಬೇಡಿ! ಜೀವಾವಶೇಷ ತುಂಬಿದ ಕೆಸರು ಹೂತು, ಬೆಂದು, ಪದರುಗಲ್ಲಾದ ಕಡೆ ಮಾತ್ರ ಶೇಲ್ ಅನಿಲ ಹುಟ್ಟುತ್ತದೆ. ನಿಮ್ಮ ಕಾಲಡಿ ಇರುವುದು ಅಂಥ ಪದರುಗಲ್ಲಲ್ಲ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಎಂಬ ಗಟ್ಟಿ ಬಂಡೆ. ಬೋರ್‌ವೆಲ್ ಲಾರಿಯ ಪಕ್ಕ ರಾಶಿ ಬೀಳುವ ಬೂದು ಪುಡಿ ಅದರದೇ.

ಆದರೆ ಹೊರದೇಶದ ಶೇಲ್ ಅನಿಲ ಪೈಪಿನಲ್ಲಿ ನಿಮ್ಮತ್ತ ಬರಬಹುದು. ಭಾರತ ಸರ್ಕಾರದ ಅನಿಲ ಕಂಪನಿ ಗೇಲ್ 2011ರಲ್ಲಿ ಅಮೆರಿಕದ ಟೆಕ್ಸಾಸ್‌ನ ಈಗಲ್ ಫೋರ್ಡ್ ಶೇಲ್ ಪ್ರದೇಶದಲ್ಲಿ ಪಾಲು ಕೊಂಡಿತು. ಮಹಾರಾಷ್ಟ್ರ ಕರಾವಳಿಯ ದಾಭೋಲ್‌ನಿಂದ ಬೆಂಗಳೂರಿಗೆ ಅನಿಲ ತರುವ ಅದರ ಕೊಳವೆ ಮಾರ್ಗ 2013ರಲ್ಲಿ ಚಾಲನೆಗೊಂಡಿತು. ಗೇಲ್ ಒಪ್ಪಂದದಂತೆ, ಶೇಲ್ ಅನಿಲವೂ ಬೆರೆತಿರುವ ಅಮೆರಿಕದ ದ್ರವೀಕೃತ ಅನಿಲ ಹೊತ್ತ ಮೊದಲ ಹಡಗು 2018ರ ಮಾರ್ಚ್‌ನಲ್ಲಿ ದಾಭೋಲ್ ತಲುಪಿತು.