ಏರಿಗೆ ಹಿಡಿತ, ಇಳಿಜಾರಿಗೆ ಬಿಸಿ

ಹಳಿಯಾಳದ ಓದುಗರೊಬ್ಬರ ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾದ ತಮ್ಮನಿಗೆ ಗಾಲಿಕುರ್ಚಿ ಕೊಳ್ಳಬೇಕು, ಚಕ್ರದ ಪಕ್ಕದ ಹ್ಯಾಂಡ್‌ರಿಮ್‌ಗೆ ರಬ್ಬರ್ ಹೊದಿಸಿದ್ದು ಸಿಗುತ್ತದಂತೆ, ಬೆಲೆ ಜಾಸ್ತಿ, ಕೊಂಡರೆ ಪ್ರಯೋಜನ ಉಂಟೇ?

ನಾನು ಎರಡು ಸಂಗತಿ ತಿಳಿಯಬೇಕು. ತಮ್ಮನ ಬೆರಳುಗಳು ಗಟ್ಟಿಯಾಗಿ ಮಡಚುತ್ತವೆಯೇ? ಮನೆಯಿಂದ ರಸ್ತೆಗೆ ಎಷ್ಟು ಇಳಿಜಾರು? ಹಳಿಯಾಳ, ಮುಂಡಗೋಡದ ಬಯಲಿನ ರಸ್ತೆಯಲ್ಲಿ ಓಡಾಡುವ ಕುರ್ಚಿಗೂ ಜೋಯಿಡಾದ ಏರಿಳಿತದಲ್ಲಿ ಓಡಾಡುವ ಕುರ್ಚಿಗೂ ಒಂದೇ ರಿಮ್ ಒಪ್ಪುವುದಿಲ್ಲ.

ಕುರ್ಚಿ ಮುಂದೆ ಹೋಗುವುದು ರಿಮ್ಮಿನ ಗುಂಟ ಬೀಳುವ ಬಲದಿಂದ ಮಾತ್ರ. ಆದರೆ ಕೈ ಜಾರದಿರಬೇಕಾದರೆ ರಿಮ್ಮನ್ನು ಒತ್ತಿ ಹಿಡಿಯಲೇಬೇಕು, ಆ ಒತ್ತಡದಿಂದ ಕುರ್ಚಿ ಒಂದು ಅಂಗುಲವೂ ಸರಿಯದು. ನೂಕಲು 40 ನ್ಯೂಟನ್ ಬೇಕು, ಅಂದರೆ ಸುಮಾರು 4 ಕೆ.ಜಿ. ತೂಕ ಎತ್ತಿದಷ್ಟು, ಎಂದಿಟ್ಟುಕೊಳ್ಳಿ. ಘರ್ಷಣೆಯ ಗುಣಾಂಕ 0.4 ಇದ್ದರೆ 100 ನ್ಯೂಟನ್ ಒತ್ತಬೇಕು, 0.8 ಇದ್ದರೆ 50 ಸಾಕು. ರಬ್ಬರಿನ ಲಾಭ ಇದೇ. ಬೆರಳು ಮಡಚಿ ರಿಮ್ಮನ್ನು ಮುಷ್ಟಿಯಲ್ಲಿ ಹಿಡಿಯಬಲ್ಲವರಿಗೆ ಈ ಉಳಿತಾಯ ಅಷ್ಟೇನೂ ದೊಡ್ಡದಲ್ಲ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಕಥೆ ಬೇರೆ. ಅವರಲ್ಲಿ ಅನೇಕರಿಗೆ ಭುಜದಲ್ಲಿ ಶಕ್ತಿ ಇರುತ್ತದೆ, ಬೆರಳು ಮಡಚುವುದಿಲ್ಲ. ಎರಡೂ ಅಂಗೈಯಿಂದ ರಿಮ್ಮನ್ನು ಒಳಕ್ಕೆ ಅದುಮಿ ನೂಕುತ್ತಾರೆ. ನುಣುಪಾದ ಲೋಹದ ಮೇಲೆ ಅವರ ಭುಜದ ಬಹುಪಾಲು ಶಕ್ತಿ ಅದುಮುವುದರಲ್ಲೇ ಸವೆದುಹೋಗುತ್ತದೆ.

ರಬ್ಬರಿಗೆ ಈ ಹಿಡಿತ ಎಲ್ಲಿಂದ ಬಂತು ಎಂಬುದು ನನಗೆ ಬಹಳ ಇಷ್ಟದ ವಿಷಯ. ಫ್ರಾನ್ಸಿನ ಅಮೋಂಟೋನ್ಸ್ 1699ರಲ್ಲಿ ಹೇಳಿದ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ: ಘರ್ಷಣೆ ಒತ್ತಡಕ್ಕೆ ತಕ್ಕಷ್ಟು, ತಾಗುವ ಜಾಗದ ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ. ರಬ್ಬರ್ ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ಅದು ಮೆತ್ತಗಿರುವುದರಿಂದ ಎದುರಿನ ಮೇಲ್ಮೈಯ ಸಣ್ಣ ಸಣ್ಣ ಉಬ್ಬುತಗ್ಗಿಗೆಲ್ಲ ಹೊಂದಿಕೊಂಡು ನಿಜವಾಗಿ ತಾಗುವ ಜಾಗವನ್ನು ಹೆಚ್ಚಿಸಿಕೊಳ್ಳುತ್ತದೆ, ಅಲ್ಲಲ್ಲಿ ಅಂಟುತ್ತದೆ. ಮೇಲಾಗಿ ಅದುಮಿಸಿಕೊಂಡು ಬಿಡಿಸಿಕೊಳ್ಳುವಾಗ ಒಳಗೇ ಒಂದಿಷ್ಟು ಶಕ್ತಿ ನುಂಗುತ್ತದೆ. ಬ್ರಿಟನ್ನಿನಲ್ಲಿ ಜೀವಮಾನವಿಡೀ ರಬ್ಬರಿನ ಘರ್ಷಣೆಯನ್ನೇ ಅಧ್ಯಯನ ಮಾಡಿದ ಅಡಾಲ್ಫ್ ಶಾಲಮಾಖ್ 1971ರಲ್ಲಿ ಪ್ರಕಟಿಸಿದ ಪ್ರಬಂಧದ ಹೆಸರೇ 'ರಬ್ಬರ್ ಹೇಗೆ ಜಾರುತ್ತದೆ?'. ಮೆತ್ತನೆಯ ರಬ್ಬರ್ ನುಣುಪು ಮೇಲ್ಮೈಯ ಮೇಲೆ ಇಡಿಯಾಗಿ ಜಾರುವುದೇ ಇಲ್ಲ, ಸಣ್ಣ ಮಡಿಕೆಗಳೆದ್ದು ಅಲೆಗಳಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುತ್ತವೆ, ಮಡಿಕೆಯ ಎರಡೂ ಬದಿಗೆ ರಬ್ಬರ್ ಕಚ್ಚಿಕೊಂಡೇ ಇರುತ್ತದೆ ಎಂದು ಅವರು ಕಂಡರು. ಎಂಥ ಸೊಗಸಾದ ವೀಕ್ಷಣೆ! ಆ ಅಲೆಗಳಿಗೆ ಇಂದಿಗೂ ಅವರದೇ ಹೆಸರು.

ಇಷ್ಟು ಒಳ್ಳೆಯ ವಸ್ತುವನ್ನು ಎಲ್ಲ ರಿಮ್ಮಿಗೂ ಯಾಕೆ ಹೊದಿಸುವುದಿಲ್ಲ? ಬಾವಿಯಿಂದ ನೀರು ಸೇದಿದವರಿಗೆ ಉತ್ತರ ಗೊತ್ತಿದೆ. ತುಂಬಿದ ಕೊಡ ಮೇಲೆಳೆಯುವಾಗ ಒರಟು ನಾರಿನ ಹಗ್ಗದಷ್ಟು ಹಿತವಾದದ್ದಿಲ್ಲ. ನುಣುಪಾದ ನೈಲಾನ್ ಹಗ್ಗ ಒದ್ದೆಯಾದರೆ ಕೈಯಲ್ಲಿ ನಿಲ್ಲದು. ಅದೇ ಕೊಡ ಕೈತಪ್ಪಿ ಕೆಳಗೆ ಧುಮುಕುವಾಗ ಆ ಒರಟು ಹಗ್ಗವನ್ನು ತಡೆದು ನೋಡಿ, ಅಂಗೈ ಸುಲಿದುಹೋಗುತ್ತದೆ. ಗಾಲಿಕುರ್ಚಿಗೆ ಇಳಿಜಾರಿನಲ್ಲಿ ಬೇರೆ ಬ್ರೇಕ್ ಇಲ್ಲ, ಅಂಗೈಯೇ ಬ್ರೇಕ್. ಚಕ್ರದ ಲಾಕ್ ಇರುವುದು ನಿಂತ ಕುರ್ಚಿಗೆ, ಓಡುವ ಕುರ್ಚಿಗಲ್ಲ.

ಲೆಕ್ಕ ಹಾಕೋಣ. ಕುರ್ಚಿಯೂ ಕೂತವರೂ ಸೇರಿ 90 ಕೆ.ಜಿ. 12 ಅಡಿಗೆ 1 ಅಡಿ ಇಳಿಯುವ ಹಾದಿ, ಅಂದರೆ ನಮ್ಮ ನಿಯಮಗಳು ರ‍್ಯಾಂಪಿಗೆ ಹೇಳುವ ಇಳಿಜಾರು. 36 ಮೀಟರ್ ಸಾಗಿದರೆ 3 ಮೀಟರ್ ಇಳಿದಂತೆ. ಒಂದೇ ವೇಗದಲ್ಲಿ ಇಳಿದರೆ ಸುಮಾರು 2,600 ಜೂಲ್ ಶಕ್ತಿಯಲ್ಲಿ ಹೆಚ್ಚಿನದು ಅಂಗೈಗೂ ರಿಮ್ಮಿಗೂ ನಡುವೆ ಬಿಸಿಯಾಗಿ ಹುಟ್ಟುತ್ತದೆ. ರಿಮ್ ಲೋಹದ್ದಾಗಲಿ ರಬ್ಬರಿನದಾಗಲಿ, ಬಿಸಿ ಅಷ್ಟೇ. ರಬ್ಬರ್ ಹೆಚ್ಚು ಬಿಸಿ ಹುಟ್ಟಿಸುತ್ತದೆ ಎಂಬ ಮಾತು ಸರಿಯಲ್ಲ. ವ್ಯತ್ಯಾಸ ಆ ಬಿಸಿ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿದೆ. ಅಲ್ಯೂಮಿನಿಯಂ ರಬ್ಬರಿಗಿಂತ ಸಾವಿರ ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ. ಹುಟ್ಟಿದ ಬಿಸಿಯನ್ನು ಎಳೆದುಕೊಂಡು ಇಡೀ ರಿಮ್ಮಿಗೆ ಹಂಚುತ್ತದೆ. ರಬ್ಬರ್ ಒಳಕ್ಕೆ ಬಿಟ್ಟುಕೊಳ್ಳುವುದು ಕಡಿಮೆ, ಹಾಗಾಗಿ ಚರ್ಮದ ಪಾಲು ಹೆಚ್ಚುತ್ತದೆ. ರಿಮ್ಮಾದರೂ ತಿರುಗುತ್ತಿರುತ್ತದೆ, ಬಿಸಿ ತಿನ್ನುವ ಅಂಗೈಯ ಜಾಗ ಮಾತ್ರ ಅದೇ. ಜೊತೆಗೆ ರಬ್ಬರ್ ಕಚ್ಚಿ ಬಿಟ್ಟು ಕಚ್ಚಿ ಬಿಟ್ಟು ಜಗ್ಗುವುದರಿಂದ ಕುರ್ಚಿ ನೇರ ಇಳಿಯದೆ ಒಂದು ಬದಿಗೆ ಎಳೆಯಬಹುದು.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಬೆರಳು ಮಡಚದೆ ರಬ್ಬರ್ ರಿಮ್ಮೇ ಬೇಕಾದವರಲ್ಲಿ ಅನೇಕರಿಗೆ ಅಂಗೈಯ ಒಂದು ಭಾಗದಲ್ಲಿ ಸ್ಪರ್ಶಜ್ಞಾನವೂ ಇರುವುದಿಲ್ಲ. ಚರ್ಮ ಸುಡುತ್ತಿದ್ದರೂ ತಿಳಿಯದು, ಮನೆಗೆ ಬಂದು ನೋಡಿದಾಗ ಗುಳ್ಳೆ ಎದ್ದಿರುತ್ತದೆ. ಅಂಥವರಿಗೆ ರಬ್ಬರ್ ರಿಮ್ ಕೊಡಿಸುವಾಗ ಅಂಗೈ ಭಾಗಕ್ಕೆ ಚರ್ಮ ಹೊಲಿದ ಕೈಗವಸನ್ನೂ ಅದೇ ದಿನ ಕೊಡಿಸಬೇಕು, ಉದ್ದದ ಇಳಿಜಾರಿನಲ್ಲಿ ಹಿಂದೆ ಒಬ್ಬರು ಹಿಡಿದುಕೊಳ್ಳಬೇಕು. ಜೋಯಿಡಾದ ಗಣೇಶಗುಡಿ ಕಡೆಯ ರಸ್ತೆಗಳಲ್ಲಂತೂ ಇದರಲ್ಲಿ ರಾಜಿ ಸಲ್ಲದು. ಬೆರಳು ಗಟ್ಟಿಯಿದ್ದು ಇಳಿಜಾರು ಹೆಚ್ಚಿರುವ ಕಡೆ ಬರಿಯ ಅಲ್ಯೂಮಿನಿಯಂ ರಿಮ್ ಮತ್ತು ಕೈಗವಸು ಉತ್ತಮ ಎಂಬುದು ನನ್ನ ಅಭಿಪ್ರಾಯ. ನಡುವಿನ ದಾರಿಯೂ ಒಂದಿದೆ: ರಿಮ್ ಲೋಹದ್ದೇ, ಹೆಬ್ಬೆರಳು ಕೂರುವ ಕಡೆ ಮಾತ್ರ ರಬ್ಬರ್ ಪಟ್ಟಿ. ನೂಕುವಾಗ ಪಟ್ಟಿಯ ಹಿಡಿತ, ತಡೆಯುವಾಗ ಲೋಹದ ತಂಪು.

ರಬ್ಬರ್ ರಿಮ್ ಹಾಕಿದರೆ ಶ್ರಮ ಅರ್ಧವಾಗುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಕುರ್ಚಿ ಉರುಳಲು ಬೇಕಾದ ಶಕ್ತಿ ತೂಕ, ಟೈರಿನ ಗಾಳಿ, ನೆಲ ಇವುಗಳ ಮೇಲೆ ನಿಂತಿದೆ. ಮಳೆಗಾಲದ ಕೆಮ್ಮಣ್ಣಿನ ಅಂಗಳದಲ್ಲಿ ಯಾವ ರಿಮ್ಮೂ ಅದನ್ನು ಇಳಿಸದು. ಭುಜ, ಮಣಿಕಟ್ಟು ಉಳಿಸಿಕೊಳ್ಳಲು ನೂಕುವ ರೀತಿಯೂ ಮುಖ್ಯ. ಸ್ವತಃ ಗಾಲಿಕುರ್ಚಿ ಬಳಸುವ ಎಂಜಿನಿಯರ್ ರೋರಿ ಕೂಪರ್ ಮತ್ತು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅವರ ಸಂಗಡಿಗರು ಬಲ ಅಳೆಯುವ ಉಪಕರಣವನ್ನು ರಿಮ್ಮಿಗೇ ಜೋಡಿಸಿ ವರ್ಷಗಟ್ಟಲೆ ಇದನ್ನು ಅಳೆದಿದ್ದಾರೆ. 2005ರಲ್ಲಿ ಅಮೆರಿಕದ ತಜ್ಞರು ಕೊಟ್ಟ ಸಲಹೆ ಸರಳ: ಪದೇ ಪದೇ ಗಿಡ್ಡ ನೂಕುಗಳು ಬೇಡ, ಉದ್ದದ ನಿಧಾನದ ನೂಕು ಇರಲಿ.

ರಬ್ಬರ್ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದೂ ನೆನಪಿರಲಿ. ಸ್ಪೈನಾ ಬೈಫಿಡಾ, ಅಂದರೆ ಬೆನ್ನೆಲುಬು ಪೂರ್ತಿ ಮುಚ್ಚಿಕೊಳ್ಳದ ತೊಂದರೆಯೊಂದಿಗೆ ಹುಟ್ಟಿದವರಲ್ಲಿ ನೈಸರ್ಗಿಕ ರಬ್ಬರಿನ ಅಲರ್ಜಿ ಹೆಚ್ಚು. ಅವರಿಗಾಗಿ ಕೊಳ್ಳುವಾಗ ಹೊದಿಕೆ ಯಾವುದರದ್ದು ಎಂದು ಕೇಳಿಯೇ ಕೊಳ್ಳಿ.

ಹಣ ಹಾಕುವ ಮೊದಲು ಪರೀಕ್ಷಿಸುವ ಅಗ್ಗದ ಉಪಾಯವಿದೆ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಸಿಕ್ಕ ಕುರ್ಚಿಯಾದರೂ ಸರಿ, ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬ್ ತಂದು ಉದ್ದಕ್ಕೆ ಸೀಳಿ ಹ್ಯಾಂಡ್‌ರಿಮ್‌ಗೆ ಬಿಗಿಯಾಗಿ ಸುತ್ತಿ. ಹೆಬ್ಬೆರಳು ಸಿಕ್ಕಿಕೊಳ್ಳುವಂಥ ತುದಿ ಎಲ್ಲಿಯೂ ಏಳದಂತೆ ನೋಡಿಕೊಂಡು ಕೆಲವು ವಾರ ಸಮತಟ್ಟು ನೆಲದಲ್ಲೂ ಸಣ್ಣ ಏರಿನಲ್ಲೂ ಓಡಾಡಲಿ. ಇಳಿಯುವಾಗ ನೀವು ಹಿಂದಿರಿ, ಬಂದ ಮೇಲೆ ತಮ್ಮನ ಅಂಗೈ ನೋಡಿ. ಎರಡೂ ಕೈ ಕೆಂಪಾಗದೆ, ಏರು ಮೊದಲಿಗಿಂತ ಸಲೀಸೆನಿಸಿದರೆ ಧೈರ್ಯವಾಗಿ ಕೊಳ್ಳಿ.